ಕೊನೆಗೆರೆಯ ಕರಿಚಾಪೆಯವರಿಗೆ ಬರಿಗಾಲಿನವಳ ಬಿನ್ನಹ

ಮಾನ್ಯ ಚಾಪೆಯವರೇ,

ಬೂಕನಕೆರೆ ಸಂತೆಬೀದಿಯ ಹೊಲಿಗೆ ಅಂಗಡಿಯಿಂದ ಸುಧ ಎಂಬುವಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವೇ ಏಕೆಂದು ತಾವು ಕೇಳಬಹುದು. ತಾವು ಸದಾಕಾಲ ನೆಲದ ಮೇಲೆ ಮಲಗಿಯೇ ಇರುವವರಾದ್ದರಿಂದ, ತಮ್ಮ ಮುಖ ನೋಡಿ ಕೈಮುಗಿಯಬೇಕಾದರೆ ನಾನೂ ಮಲಗದೆ ಬೇರೆ ದಾರಿಯಿಲ್ಲ. ನಾವೆಲ್ಲರೂ ಇಲ್ಲಿ ಕ್ಷೇಮವಾಗಿದ್ದೇವೆ. ತಾವೂ ಸಹ, ಭಾನುವಾರ ತಮ್ಮ ಬೆನ್ನಿನ ಮೇಲೆ ಹಾದುಹೋದ ನೂರಾರು ಕಾಲುಗಳ ನೋವು ಇಳಿದು, ಸುರುಳಿ ಸುತ್ತಿಸಿಕೊಂಡು, ಯಾವುದೋ ಗೋದಾಮಿನ ಮೂಲೆಯಲ್ಲಿ ಸುಖನಿದ್ರೆಯಲ್ಲಿರುವಿರೆಂದು ನಂಬಿದ್ದೇನೆ.

ತಮಗೆ ನನ್ನ ಗುರುತು ಹತ್ತಲಾರದು. ಹತ್ತುವಂತಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಹವ್ಯಾಸಿ ಓಟಗಾರರಿಗಾಗಿ ಕಳೆದ ಭಾನುವಾರ ಹತ್ತು ಕಿಲೋಮೀಟರಿನ ರಸ್ತೆ ಓಟ ನಡೆದಾಗ, ಕೆ.ಆರ್. ಪೇಟೆಯ ಮೈದಾನದ ಬಾಗಿಲಲ್ಲಿ, ಓಟ ಮುಗಿಯುವ ಗೆರೆಯಲ್ಲಿ, ಗಾಳಿ ತುಂಬಿ ನಿಲ್ಲಿಸಿದ್ದ ಕಮಾನಿನ ಕೆಳಗೆ ಅಡ್ಡಲಾಗಿ ಪವಡಿಸಿದ್ದವರು ತಾವೇ. ಓಡುವವರ ಶೂ ದಾರಕ್ಕೆ ಕಟ್ಟಿರುವ ಪುಟ್ಟ ಚಿಪ್ ತಮ್ಮನ್ನು ದಾಟಿದೊಡನೆ ತಾವು ‘ಕುಂಯ್’ ಎನ್ನುತ್ತೀರಿ. ತಾವು ಕುಂಯ್ ಎಂದೊಡನೆ ಪಕ್ಕದ ಶಾಮಿಯಾನದಲ್ಲಿ ಕುಳಿತ ಕಂಪ್ಯೂಟರು ಆ ಚಿಪ್ಪಿನ ಒಡೆಯರ ಹೆಸರನ್ನು ಬರೆದುಕೊಳ್ಳುತ್ತದೆ. ಕಂಪ್ಯೂಟರು ಬರೆದುಕೊಂಡದ್ದನ್ನು ಬ್ರಹ್ಮನೂ ಅಳಿಸಲಾರ. ಇಷ್ಟು ದೊಡ್ಡ ಅಧಿಕಾರವನ್ನು ಹೊಂದಿದ್ದೂ ಎಲ್ಲರ ಕಾಲ ಕೆಳಗೇ ಬಿದ್ದಿರುವ ತಮ್ಮ ವಿನಯವನ್ನು ಕಂಡು, ಕುರ್ಚಿಯಲ್ಲಿ ಕೂರುವ ಎಷ್ಟೋ ಜನ ನಾಚಿಕೊಳ್ಳಬೇಕು.

ನನ್ನ ಅಹವಾಲಿಗೆ ಬರುವ ಮುನ್ನ ನಮ್ಮ ಬಳಗದ ಪರಿಚಯ ಮಾಡಿಕೊಡುವುದು ಧರ್ಮ. ಹೆಸರು ‘ನಾಲ್ಕು ತಾಲ್ಲೂಕು ಓಟಗಾರರ ಬಳಗ’, ವಾಸಸ್ಥಾನ ವಾಟ್ಸಾಪು. ವಾರವೆಲ್ಲ ಅಲ್ಲಿ ಮಂಡಿನೋವು, ರಾಗಿ ಅಂಬಲಿ ಮತ್ತು ಬೆಳಗಿನ ಶುಭಾಶಯಗಳಷ್ಟೇ ಓಡಾಡುತ್ತವೆ. ಎಲ್ಲಿಯಾದರೂ ಓಟವಿದ್ದ ಭಾನುವಾರ ಮಾತ್ರ ಮಧ್ಯಾಹ್ನದ ಊಟದ ಹೊತ್ತಿಗೆ ಫಲಿತಾಂಶಗಳು ಸುರಿಯತೊಡಗಿ, ಫೋನುಗಳು ಬಿಸಿಯಾಗಿ, ಮನೆಮಂದಿಯೆಲ್ಲ ಬೈಯುತ್ತಾರೆ. ಬಳಗದ ಯಜಮಾನರು ಶ್ರೀರಂಗಪಟ್ಟಣದಲ್ಲಿ ಹೋಟೆಲು ನಡೆಸುವ ಮಹದೇವಸ್ವಾಮಿಯವರು. ಯಾರು ಎಷ್ಟನೆಯವರಾಗಿ ಬಂದರೂ ಅವರು ಬರೆಯುವ ಒಕ್ಕಣೆಯಲ್ಲಿ ಎಲ್ಲರೂ ನಾಡಿಗೆ ಕೀರ್ತಿ ತಂದವರೇ. ಪಾಂಡವಪುರದ ಕಬ್ಬು ಬೆಳೆಗಾರರಾದ ನರಸಯ್ಯನವರು ಪದಕವನ್ನು ಹಲ್ಲಿನಲ್ಲಿ ಕಚ್ಚಿಕೊಂಡ ಫೋಟೋ ಹಾಕುತ್ತಾರೆ. ಒಮ್ಮೆ ಹಾಗೆ ಕಚ್ಚುವಾಗ ಮುಂದಿನ ಹಲ್ಲು ಅಲ್ಲಾಡಿತೆಂದು ವೈದ್ಯರು ಎಚ್ಚರಿಸಿದ ಮೇಲೂ, ಬಾಯಿಯ ಇನ್ನೊಂದು ಪಕ್ಕದಿಂದ ಆ ಸಂಪ್ರದಾಯವನ್ನು ಉಳಿಸಿಕೊಂಡು ಬಂದಿದ್ದಾರೆ. ಸಿಂಧಘಟ್ಟದ ಚಿಕ್ಕಯ್ಯನವರು ಪ್ರತಿ ಸಲವೂ ಕೊನೆಯವರಾಗಿ ಬಂದು, ‘ನಾನು ಹಿಂದೆ ನಿಂತಿದ್ದರಿಂದ ಉಳಿದವರು ಮುಂದೆ ಹೋದರು’ ಎಂದು ಬರೆದು ಎಲ್ಲರಿಂದಲೂ ಧನ್ಯವಾದ ಪಡೆಯುತ್ತಾರೆ. ನಾಗಮಂಗಲದ ಅಂಜು, ಚುಂಚನಗಿರಿ ಕಡೆಯ ಕಾಲೇಜೊಂದರಲ್ಲಿ ಪಾಠ ಹೇಳುವವರು. ನಲವತ್ತು ದಾಟಿದ ಹೆಂಗಸರ ವಿಭಾಗದಲ್ಲಿ ಮೊದಲನೆಯ ಸ್ಥಾನವನ್ನು ಅವರ ಹೆಸರಿಗೆ ಖಾತೆ ಮಾಡಿಕೊಟ್ಟಿದ್ದಾರೇನೋ ಎಂಬಂತೆ ಪ್ರತಿ ಸಲ ಟ್ರೋಫಿ ಅವರದೇ.

ಅದೇ ವಿಭಾಗದವಳಾದ ನಾನು ಹಾಕುತ್ತಿದ್ದದ್ದು ಭಾಗವಹಿಸಿದ್ದಕ್ಕಾಗಿ ಎಲ್ಲರಿಗೂ ಕೊಡುವ ಪದಕದ ಫೋಟೋ. ಅದನ್ನೇ ಬೆಳಕಿಗೆ ಒಮ್ಮೆ, ನೆರಳಿಗೆ ಒಮ್ಮೆ, ಹೊಲಿಗೆ ಯಂತ್ರದ ಮೇಲೆ ಒಮ್ಮೆ ಇಟ್ಟು ತೆಗೆಯುತ್ತಿದ್ದೆ. ಹೆಬ್ಬೆರಳುಗಳು ಬರುತ್ತಿದ್ದವು, ಕೈಮುಗಿಯುವ ಕೈಗಳು ಬರುತ್ತಿದ್ದವು. ಆದರೆ ಚಾಪೆಯವರೇ, ಒಂದು ಸಲ, ಒಂದೇ ಸಲ, ಆ ಪಟ್ಟಿಯಲ್ಲಿ ‘ಪ್ರಥಮ: ಸುಧ, ಕೆ.ಆರ್. ಪೇಟೆ ತಾಲ್ಲೂಕು’ ಎಂದು ಬಂದು, ಅದನ್ನು ನಾನೇ ಬಳಗಕ್ಕೆ ಹಾಕಿ, ಏನೂ ಆಗಿಲ್ಲವೆಂಬಂತೆ ಫೋನು ಕೆಳಗಿಟ್ಟು ರವಿಕೆಗೆ ಕಾಜ ಹೊಲಿಯುತ್ತ ಕೂರಬೇಕೆಂದು ನನಗೆ ಬಹಳ ಆಸೆಯಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಈ ಆಸೆಗೆ ನಮ್ಮ ಮನೆಯಲ್ಲಿ ಇದ್ದ ಅಡ್ಡಿ ಒಂದೇ, ಅದು ನಮ್ಮ ಅತ್ತೆ ಬೀರಮ್ಮನವರು. ಅವರು ನನ್ನನ್ನು ಎಂದೂ ತಡೆದವರಲ್ಲ. ಆದರೆ ಪ್ಯಾಂಟು ತೊಟ್ಟ ಸೊಸೆ ಬೆಳಗಾಗುತ್ತಲೇ ನಾಲೆಯ ಏರಿಯ ಮೇಲೆ, ಯಾರೂ ಅಟ್ಟಿಸಿಕೊಂಡು ಬರದಿದ್ದರೂ ತಾನಾಗಿಯೇ ಓಡುವುದನ್ನು ಊರಿಗೆ ಹೇಗೆ ವಿವರಿಸುವುದೆಂದು ಅವರಿಗೆ ತಿಳಿಯಲಿಲ್ಲ. ನನ್ನ ಶೂಗಳನ್ನು ಕೊಟ್ಟಿಗೆಯ ಹಿಂದೆ ಬಿಡಿಸುತ್ತಿದ್ದರು. ಬೆಳಗ್ಗೆ ಡೇರಿಗೆ ಹಾಲು ಹಾಕಲು ಸಾಲಿನಲ್ಲಿ ನಿಂತಾಗ ಯಾರಾದರೂ ಕೇಳಿದರೆ ಅವರು ಕೊಡುತ್ತಿದ್ದ ಉತ್ತರ ಹೀಗಿತ್ತು: “ನಮ್ ಸೊಸೆಗೆ ಸಕ್ಕರೆ ಕಾಯ್ಲೆ ಕಣವ್ವ. ಡಾಕ್ಟ್ರು ಓಡು ಅಂದವ್ರೆ, ಏನ್ ಮಾಡಾದು.” ನನಗೆ ಸಕ್ಕರೆ ಕಾಯಿಲೆಯಿಲ್ಲ. ಆದರೂ ಅತ್ತೆಯ ಮಾತನ್ನು ನಂಬಿದ ಊರಿನವರು ಅಂದಿನಿಂದ ಯಾವ ಮನೆಯ ಊಟಕ್ಕೆ ಹೋದರೂ ನನ್ನ ಎಲೆಯ ಮುಂದೆ ಬಂದಾಗ ಒಬ್ಬಟ್ಟಿನ ತಟ್ಟೆಯನ್ನು ಮರುಕದಿಂದ ಎತ್ತಿಕೊಂಡು ಮುಂದಕ್ಕೆ ಹೋಗುತ್ತಿದ್ದರು. ಅತ್ತೆಯ ಮರ್ಯಾದೆಯನ್ನು ಉಳಿಸುವ ಸಲುವಾಗಿ ನಾನು ಎರಡು ವರ್ಷ ಒಬ್ಬಟ್ಟಿಲ್ಲದೆ ಬದುಕಿದ್ದೇನೆ.

ಇನ್ನು ಭಾನುವಾರದ ವಿಷಯ. ಓಟದ ದಾರಿಯನ್ನು ನಗರದಿಂದ ಬಂದ ಸಂಘಟಕರು ಫೋನಿನ ನಕ್ಷೆಯಲ್ಲಿ ಬೆರಳಾಡಿಸಿ ಗುರುತಿಸಿದ್ದರು. ನನ್ನ ಅಂಗಡಿಯಿರುವ ಬೂಕನಕೆರೆಯಿಂದ ಹೊರಟು, ಮನೆಯಿರುವ ನಮ್ಮೂರನ್ನು ಹಾದು, ಪೇಟೆಯ ಮೈದಾನ. ನಕ್ಷೆಯಲ್ಲಿ ನಮ್ಮೂರಿನ ಮಾರಮ್ಮನ ಗುಡಿ ಕಾಣುತ್ತದೆ, ಆದರೆ ಅದರ ಮುಂದೆ ಕಾಲಲ್ಲಿ ಮೆಟ್ಟಿಕೊಂಡು ಯಾರೂ ಹೋಗುವುದಿಲ್ಲ ಎಂಬುದು ಕಾಣುವುದಿಲ್ಲ. ನಮ್ಮಲ್ಲಿ ಸೈಕಲ್ಲಿನವರು ಇಳಿಯುತ್ತಾರೆ, ಗಾಡಿಯವರು ಇಳಿಯುತ್ತಾರೆ, ಹೊಸದಾಗಿ ಮದುವೆಯಾಗಿ ಎತ್ತರದ ಚಪ್ಪಲಿ ಹಾಕಿಕೊಂಡು ಬಂದವರೂ ಇಳಿಯುತ್ತಾರೆ. ಗುಡಿಯ ಎದುರು ಕಳಚಿ, ಕೈಯಲ್ಲಿ ಹಿಡಿದು, ದಾಟಿ, ಅರಳೀಕಟ್ಟೆಯ ಹತ್ತಿರ ಮತ್ತೆ ಮೆಟ್ಟಿಕೊಳ್ಳುತ್ತಾರೆ. ಓಡುವವರಿಗೆ ಬೇರೆ ಕಾನೂನು ಏನಿದೆ? ಗುಡಿ ಬಂದದ್ದೇ ನಾವು ಸ್ಥಳೀಯರೆಲ್ಲ ಗಕ್ಕನೆ ನಿಂತು ಶೂ ಕಳಚತೊಡಗಿದೆವು. ಹಿಂದಿನಿಂದ ಬಂದ ನಗರದ ಓಟಗಾರರು ಇದೇನೋ ಹೊಸ ತಂತ್ರವಿರಬೇಕೆಂದು ಭಾವಿಸಿ, ಯಾರನ್ನೂ ಏನೂ ಕೇಳದೆ, ತಾವೂ ಕಳಚಿದರು. ಕ್ಷಣಾರ್ಧದಲ್ಲಿ ನಮ್ಮ ಅರಳೀಕಟ್ಟೆ ಮದುವೆ ಛತ್ರದ ಬಾಗಿಲಿನಂತಾಗಿ, ದೇಶವಿದೇಶದ ಕಂಪನಿಗಳ ಶೂಗಳ ನಡುವೆ ನರಸಯ್ಯನವರು ತಮ್ಮ ಎಡಗಾಲಿನದು ಯಾವುದೆಂದು ಹುಡುಕುತ್ತ ಬಗ್ಗಿ ನಿಂತಿದ್ದರು.

ಅಲ್ಲಿಯವರೆಗೆ ಅಂಜು ಮತ್ತು ನಾನು ಭುಜಕ್ಕೆ ಭುಜ ತಾಗಿಸಿಕೊಂಡು ಬಂದಿದ್ದೆವು. ನಾನು ಜೀವನದಲ್ಲೇ ಅವರ ಪಕ್ಕದಲ್ಲಿ ಅಷ್ಟು ದೂರ ಓಡಿದವಳಲ್ಲ. ಸಾಮಾನ್ಯವಾಗಿ ನಾನು ಅವರ ಬೆನ್ನನ್ನು ಮಾತ್ರ ಬಲ್ಲೆ. ಅಂಜು ಕಟ್ಟೆಯ ಮೇಲೆ ಕುಳಿತು ಸರಸರನೆ ದಾರ ಕಟ್ಟಿಕೊಳ್ಳತೊಡಗಿದರು. ನನ್ನ ಗತಿ ಬೇರೆಯೇ ಆಗಿತ್ತು. ಹೊಲಿಗೆಯವಳಾದ್ದರಿಂದ ಯಾವ ದಾರವನ್ನೂ ಸಡಿಲ ಬಿಡುವ ಅಭ್ಯಾಸ ನನಗಿಲ್ಲ. ಮೂರು ಗಂಟು ಹಾಕಿ ಬಿಗಿದ ಶೂಗಳನ್ನು ಗಡಿಬಿಡಿಯಲ್ಲಿ ಹಾಗೇ ಎಳೆದು ಕಿತ್ತಿದ್ದೆ, ಈಗ ಅವು ಕಾಲಿಗೆ ಏರಲೊಲ್ಲವು, ಗಂಟು ಬಿಚ್ಚಲೊಲ್ಲದು. ಹಲ್ಲಿನಿಂದ ಬಿಚ್ಚಲೆಂದು ಬಾಯಿಯ ಹತ್ತಿರ ತರುವಷ್ಟರಲ್ಲಿ, ಗುಡಿಯ ಬಾಗಿಲಿನಿಂದ ಹಣ್ಣುಕಾಯಿ ತಟ್ಟೆ ಹಿಡಿದುಕೊಂಡು ಅತ್ತೆ ಬಂದರು. ಪೂಜೆಗೆ ಮಾತ್ರ ಬರುವುದಾಗಿಯೂ ಓಟಕ್ಕೂ ತಮಗೂ ಸಂಬಂಧವಿಲ್ಲವೆಂದೂ ಹಿಂದಿನ ದಿನವೇ ನನಗೆ ಸ್ಪಷ್ಟಪಡಿಸಿದ್ದವರು ಅವರು. ತಟ್ಟೆಯನ್ನು ಕಟ್ಟೆಯ ಮೇಲಿಟ್ಟರು. ನನ್ನ ಕೈಯಿಂದ ಎರಡೂ ಶೂಗಳನ್ನು ಕಿತ್ತುಕೊಂಡು ತಮ್ಮ ಸೆರಗಿನಲ್ಲಿ ಸುತ್ತಿಕೊಂಡರು.

“ಓಡು ಕಣವ್ವ, ಇವ್ನ ನಾನ್ ತಕ್ಕಂಬತ್ತೀನಿ. ದಾರ ಕಟ್ಕಂಡು ಕುಂತ್ಕಂಡ್ರೆ ಆಯಮ್ಮ ಒಂಟೋಯ್ತಾಳೆ” ಎಂದರು.

ಕೊಟ್ಟಿಗೆಯ ಹಿಂದೆ ಇರಬೇಕಾದ ಸೊಸೆಯ ಶೂಗಳನ್ನು ಊರ ನಡುವೆ, ದೇವರ ಎದುರಿಗೆ, ಎಲ್ಲರೂ ನೋಡುತ್ತಿರುವಾಗ ಸೆರಗಿನಲ್ಲಿ ಕಟ್ಟಿಕೊಂಡ ಅತ್ತೆಯನ್ನು ನಾನು ಇನ್ನೊಂದು ಗಳಿಗೆ ನಿಂತು ನೋಡಬಹುದಿತ್ತು. ನೋಡಲಿಲ್ಲ, ಓಡಿದೆ. ಮದುವೆಯಾಗಿ ಬಂದಾಗಿನಿಂದ ಬರಿಗಾಲಿಗೆ ಪರಿಚಯವಿರುವ ರಸ್ತೆ ಅದು. ಹೊಸ ಶೂ ಕಚ್ಚುತ್ತಿದ್ದ ಹಿಮ್ಮಡಿಗೆ ಬಿಡುಗಡೆ ಸಿಕ್ಕಿದ್ದೇ ತಡ, ಕಾಲುಗಳು ನನ್ನನ್ನು ಕೇಳದೆಯೇ ಹೊರಟವು.

ಅತ್ತ ಅತ್ತೆಯವರು ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಮಾವ ಮಂಚಯ್ಯನವರ ಮೊಪೆಡ್ಡಿನ ಹಿಂದೆ ಏರಿದರು. ಮಾವನವರ ಮೊಪೆಡ್ಡನ್ನು ಕಬ್ಬಿನ ಗಾಡಿಯ ಎತ್ತುಗಳೂ ಹಿಂದೆ ಹಾಕಿಹೋದದ್ದುಂಟು. ಅಂದು ಮಾತ್ರ ಬೆನ್ನಿಗೆ ಅತ್ತೆಯ ಮೊಣಕೈ ತಿವಿಯುತ್ತಿದ್ದುದರಿಂದ, ನಾಲೆಯ ಏರಿಯ ಒಳದಾರಿ ಹಿಡಿದು, ನಾಲ್ಕೂ ತಾಲ್ಲೂಕುಗಳ ಯಾವ ಗಂಡಾಳೂ ಇನ್ನೂ ಕಣ್ಣಿಗೆ ಬೀಳದ ಹೊತ್ತಿನಲ್ಲಿ ಅವರಿಬ್ಬರೂ ಪೇಟೆಯನ್ನು ತಲುಪಿಬಿಟ್ಟರು. ಕಮಾನು ಕಾಣಿಸಿತು. ನಮ್ಮ ಕಡೆ ಕಮಾನು ಕಟ್ಟುವುದೇ ಜನ ಅದರ ಕೆಳಗೆ ಬರಲಿ ಎಂದಾದ್ದರಿಂದ ಮಾವನವರು ನೇರವಾಗಿ ಅದರ ಕೆಳಗೆ ಬಂದರು.

ಆಗ ತಾವು ಕುಂಯ್ ಎಂದಿರಿ.

ಎಂಥ ಕರ್ತವ್ಯನಿಷ್ಠೆ ತಮ್ಮದು. ಸೆರಗಿನ ಮೂರು ಸುತ್ತಿನೊಳಗೆ, ಎಲೆಅಡಿಕೆ ಚೀಲದ ಪಕ್ಕದಲ್ಲಿ, ಗಂಟು ಬಿಚ್ಚದ ಶೂವಿನ ದಾರದಲ್ಲಿದ್ದ ಪುಟ್ಟ ಚಿಪ್ಪನ್ನು ತಾವು ಒಂದೇ ಬಾರಿಗೆ ಗುರುತಿಸಿದಿರಿ. ಕುಂಯ್ ಎಂದಾಗ ಬಾರಿಸಬೇಕೆಂದು ಹೇಳಿಸಿಕೊಂಡಿದ್ದ ತಮಟೆಯವರು ಉಪ್ಪಿಟ್ಟಿನ ತಟ್ಟೆಗಳನ್ನು ಕೆಳಗಿಟ್ಟು ಬಾರಿಸತೊಡಗಿದರು. ದಾಟಿದವರಿಗೆಲ್ಲ ಪದಕ ಹಾಕಬೇಕೆಂದು ಹೇಳಿಸಿಕೊಂಡಿದ್ದ ಸ್ವಯಂಸೇವಕರು ಅತ್ತೆಯ ಕೊರಳಿಗೆ ಪದಕ ಹಾಕಿ ಕೈಗೊಂದು ಬಾಳೆಹಣ್ಣು ಕೊಟ್ಟರು. ಮೊಪೆಡ್ಡಿನ ಮೇಲೆಯೇ ಕುಳಿತು ಎಲ್ಲರಿಗೂ ಕೈಮುಗಿಯುತ್ತಿದ್ದ ಮಾವನವರು ಹಿಂದಕ್ಕೆ ತಿರುಗಿ, “ಯಾರ್ ಮದ್ವೆ ಇದು, ನಮ್ಗೆ ಏಳಿದ್ರಾ?” ಎಂದು ಅತ್ತೆಯನ್ನು ಕೇಳಿದರಂತೆ.

ಇದಾದ ಬಹಳ ಹೊತ್ತಿನ ಮೇಲೆ ನಾನು ಬಂದೆ. ಹೆಂಗಸರಲ್ಲಿ ನನ್ನ ಮುಂದೆ ನಲವತ್ತು ದಾಟಿದವರು ಯಾರೂ ಇರಲಿಲ್ಲ. ಅಂಜುವಿನ ಉಸಿರು ಹಿಂದೆ ಕೇಳಿಸುತ್ತಿತ್ತು, ಮುಂದೆ ಕಮಾನು ಕಾಣಿಸುತ್ತಿತ್ತು, ಪಕ್ಕದಲ್ಲಿ ಅತ್ತೆ ಕೈಯಲ್ಲಿ ಬಾಳೆಹಣ್ಣು ಬೀಸುತ್ತಿದ್ದರು. ಕೊನೆಯಲ್ಲಿ ಎರಡೂ ಕಾಲು ಜೋಡಿಸಿ ತಮ್ಮ ಮೇಲೆ ಹಾರಿದೆ. ತಾವು ಏನೂ ಅನ್ನಲಿಲ್ಲ. ತಮಟೆಯವರು ಕೋಲು ಎತ್ತಿ ಹಿಡಿದು ತಮ್ಮನ್ನೇ ನೋಡುತ್ತಿದ್ದರು. ನನ್ನ ಹಿಂದೆಯೇ ಬಂದ ಅಂಜು ತಮ್ಮನ್ನು ದಾಟಿದರು. ಕುಂಯ್. ತಮಟೆ.

ಕೇಳಿಸಲಿಲ್ಲವೇನೋ ಎಂದು ನಾನು ಹಿಂದೆ ಹೋಗಿ ಇನ್ನೊಮ್ಮೆ ಹಾರಿದೆ. ಬಳಿಕ ಒಂದೊಂದೇ ಕಾಲಿನಲ್ಲಿ ಹಾರಿದೆ. ಹಿಮ್ಮಡಿಯಿಂದ ಗುದ್ದಿದೆ. ಸುತ್ತಲಿದ್ದವರು ಇದು ಗೆದ್ದ ಸಂತೋಷದ ಕುಣಿತವೆಂದು ತಿಳಿದು ಚಪ್ಪಾಳೆ ತಟ್ಟಿ ವಿಡಿಯೋ ಮಾಡಿಕೊಂಡರು. ತಮ್ಮ ಬೆನ್ನಿನ ಮೇಲೆ ಹೀಗೆಲ್ಲ ಕುಣಿದದ್ದಕ್ಕೆ ಈ ಮೂಲಕ ಕ್ಷಮೆ ಕೋರುತ್ತೇನೆ.

ಆದರೆ ಮಾನ್ಯರೇ, ಒಂದು ಮಾತನ್ನು ವಿನಯಪೂರ್ವಕವಾಗಿ ಕೇಳಿಬಿಡುತ್ತೇನೆ. ಚಾಪೆ ಎಂದ ಮೇಲೆ ಅದನ್ನು ಮೆಟ್ಟು ಹಾಕಿಕೊಂಡು ತುಳಿಯಬಾರದೆಂದು ನಮಗೆ ನಡೆಯಲು ಬಂದಾಗಲೇ ಹೇಳಿಕೊಟ್ಟಿದ್ದಾರೆ. ಮನೆಗೆ ಬಂದ ಬೀಗರಿರಲಿ, ಲೆಕ್ಕ ಬರೆಯಲು ಬಂದ ಸರ್ಕಾರದವರಿರಲಿ, ಚಪ್ಪಲಿಯನ್ನು ಹೊರಗೆ ಬಿಟ್ಟೇ ಚಾಪೆಯ ಮೇಲೆ ಕಾಲಿಡುತ್ತಾರೆ. ಅಂದು ಆ ಮೈದಾನದಲ್ಲಿ ತಮಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿ ಬರಿಗಾಲಲ್ಲಿ ಬಂದವಳು ನಾನೊಬ್ಬಳೇ. ಕೆಸರು ಮೆತ್ತಿದ ಶೂಗಳಲ್ಲಿ ತುಳಿದವರಿಗೆಲ್ಲ ಕುಂಯ್ ಎಂದು ಉಪಚಾರ ಹೇಳಿದ ತಾವು ನನ್ನನ್ನು ಮಾತ್ರ ಮಾತಾಡಿಸಲಿಲ್ಲ.

ಫಲಿತಾಂಶದ ಪರದೆಯ ಮೇಲೆ ಮೊದಲು ನನ್ನ ಹೆಸರೇ ಇತ್ತು, ಗಂಡಸರೆಲ್ಲರಿಗಿಂತ ಮೇಲೆ. ಆ ಪರದೆಯನ್ನು ನೋಡಿದಾಗ ನನಗೇ ನನ್ನ ಮೇಲೆ ಭಯಭಕ್ತಿ ಹುಟ್ಟಿತು. ಸ್ವಲ್ಪ ಹೊತ್ತಿನಲ್ಲೇ ಅದು ಮಾಯವಾಗಿ, ಪಟ್ಟಿಯ ತೀರಾ ಕೆಳಗೆ ‘ಸುಧ – ಅನರ್ಹ – ವಾಹನ ಬಳಕೆ’ ಎಂದು ಬಂತು. ತಮ್ಮ ಕಂಪನಿಯ ಕಿಶನ್ ಎಂಬ ಸಭ್ಯರು ಶಾಮಿಯಾನದಲ್ಲಿ ಕುಳಿತಿದ್ದರು. ಎದೆಗೆ ಪಿನ್ನು ಚುಚ್ಚಿದ ನಂಬರಿನೊಂದಿಗೆ, ಮೈಯೆಲ್ಲ ಬೆವರಿನೊಂದಿಗೆ ನಾನು ಅವರ ಮುಂದೆ ನಿಂತಿದ್ದಾಗ, ಅವರು ಪರದೆಯನ್ನು ನೋಡಿಕೊಂಡೇ, “ಓಡಿ ಬಂದಿರೋದು ಸಿಸ್ಟಮ್‌ನಲ್ಲಿ ಕಾಣ್ತಿಲ್ಲ ಮೇಡಂ” ಎಂದರು. ನನ್ನ ಪಕ್ಕದಲ್ಲಿದ್ದ ಅತ್ತೆ ಅವರನ್ನು ಮರುಕದಿಂದ ನೋಡಿ, “ಏಸ್ ಓದಿದ್ದೀಯಪ್ಪ? ಉಸುರ್ ಬುಡ್ತಾ ಎದ್ರುಗೇ ನಿಂತವ್ಳೆ, ಬಂದಿಲ್ಲ ಅಂತೀಯಲ್ಲ” ಎಂದರು.

ನಾನೂ ತಮ್ಮಂತೆಯೇ ಅಳತೆಯ ಕಸುಬಿನವಳು. ಅಳತೆಯಲ್ಲಿ ತಪ್ಪುವುದು ನನಗೂ ಗೊತ್ತು. ಆದರೆ ನಾನು ಹೊಲಿದ ರವಿಕೆ ಬಿಗಿಯಾದರೆ ಹೊಲಿಗೆ ಬಿಚ್ಚಿ ಸರಿಮಾಡುತ್ತೇನೆಯೇ ಹೊರತು, ಗಿರಾಕಿಯ ತೋಳನ್ನು ಅನರ್ಹಗೊಳಿಸಿದ್ದಿಲ್ಲ.

ಅಂದು ಮಧ್ಯಾಹ್ನ ಬಳಗದಲ್ಲಿ ಎಂದಿನಂತೆ ಫಲಿತಾಂಶ ಸುರಿಯಿತು. ನನ್ನನ್ನೂ ನಾಡಿಗೆ ಕೀರ್ತಿ ತಂದವರ ಸಾಲಿಗೆ ಹೇಗೆ ಸೇರಿಸುವುದೆಂದು ಮಹದೇವಸ್ವಾಮಿಯವರು ಬಹಳ ಹೊತ್ತು ‘ಬರೆಯುತ್ತಿದ್ದಾರೆ’ ಎಂದು ತೋರಿಸಿ, ಕೊನೆಗೆ ಒಂದು ಗುಲಾಬಿ ಹೂ ಹಾಕಿದರು. ಸಿಂಧಘಟ್ಟದ ಚಿಕ್ಕಯ್ಯನವರು ಮಾತ್ರ ಸಂಭ್ರಮದಲ್ಲಿದ್ದರು. ಅನರ್ಹಳಾದ ನಾನು ಪಟ್ಟಿಯಲ್ಲಿ ಅವರಿಗಿಂತ ಕೆಳಗೆ ಇಳಿದಿದ್ದರಿಂದ, ಅವರು ಜೀವನದಲ್ಲಿ ಮೊದಲ ಬಾರಿಗೆ ಒಬ್ಬರನ್ನು ಹಿಂದೆ ಹಾಕಿದ್ದರು. ಅಂಜು ತಮ್ಮ ಹೆಸರಿನ ಮುಂದಿದ್ದ ‘ಪ್ರಥಮ’ಕ್ಕೆ ಕೆಂಪು ಗೀಟು ಎಳೆದು ಪಟ್ಟಿಯನ್ನು ಮರಳಿ ಹಾಕಿದರು. ಅದರ ಕೆಳಗೆ, “ಕೊನೇವರ್ಗೂ ಸುಧಕ್ಕನ ಬೆನ್ನು ನೋಡ್ಕೊಂಡೇ ಬಂದಿದೀನಿ. ಆ ಬೆನ್ನಿಗೆ ಟ್ರೋಫಿ ಕೊಡಿ” ಎಂದು ಬರೆದಿದ್ದರು. ಅದನ್ನು ಓದಿ ನನಗೆ ಅಳು ಬಂತು, ಅಂಗಡಿಯಲ್ಲಿ ಗಿರಾಕಿ ಇದ್ದುದರಿಂದ ಸೂಜಿ ಚುಚ್ಚಿತೆಂದು ಹೇಳಿದೆ. ಅಂಜು ವೇದಿಕೆಯಲ್ಲಿ ಟ್ರೋಫಿ ಮುಟ್ಟಲೇ ಇಲ್ಲವಾದ್ದರಿಂದ ಅದು ಈಗ ಶ್ರೀರಂಗಪಟ್ಟಣದಲ್ಲಿ ಮಹದೇವಸ್ವಾಮಿಯವರ ಗಲ್ಲಾಪೆಟ್ಟಿಗೆಯ ಮೇಲೆ, ಇಡ್ಲಿಯ ಹಬೆಯಲ್ಲಿ ಬೆವರುತ್ತ ನಿಂತಿದೆ. ಓಡುವ ಹೆಣ್ಣಿನ ಬೊಂಬೆಯಾದ್ದರಿಂದ ಬೆವರು ಅದಕ್ಕೆ ಒಪ್ಪುತ್ತದೆ ಎಂದು ಅವರು ಫೋಟೋ ಕಳಿಸಿದ್ದಾರೆ.

ಇಷ್ಟೆಲ್ಲ ಆದ ಮೇಲೆ ತಮ್ಮ ಕಂಪನಿಯವರಿಗೂ ಕರುಣೆ ಬಂದಿತೆನ್ನಬೇಕು. ಮೊನ್ನೆ ಕಿಶನ್‌ರವರು ಫೋನು ಮಾಡಿ, ಅಂಜು ಮೇಡಂ ಸಾಕ್ಷಿ ಹೇಳಿರುವುದರಿಂದ ನನ್ನ ಮೊದಲ ಸ್ಥಾನವನ್ನು ಮರಳಿಸಲು ಸಿದ್ಧರಿರುವುದಾಗಿಯೂ, ಅದಕ್ಕಾಗಿ ನಾನು ಒಂದೇ ಒಂದು ಸಾಲು ಬರೆದು ಸಹಿ ಹಾಕಿದರೆ ಸಾಕೆಂದೂ ತಿಳಿಸಿದರು. ಆ ಸಾಲು ಏನೆಂದರೆ, ‘ಬೀರಮ್ಮ ಎಂಬ ಹೊರಗಿನ ವ್ಯಕ್ತಿ ನನ್ನ ಒಪ್ಪಿಗೆಯಿಲ್ಲದೆ ಶೂಗಳನ್ನು ಸಾಗಿಸಿ ಅಕ್ರಮ ಎಸಗಿದ್ದಾರೆ’. ಸಹಿ ಹಾಕಿದೊಡನೆ ಆ ಹೊರಗಿನ ವ್ಯಕ್ತಿಯನ್ನು ಮುಂದಿನ ಎಲ್ಲ ಓಟಗಳ ಮೈದಾನದಿಂದ ದೂರವಿಡಲಾಗುವುದಂತೆ.

ಹೊರಗಿನ ವ್ಯಕ್ತಿ. ಕಿಶನ್‌ರವರಿಗೆ ಯೋಚಿಸಿ ಹೇಳುತ್ತೇನೆಂದೆ. ಆ ಪಟ್ಟಿಯಲ್ಲಿ ನನ್ನ ಹೆಸರು ಬರಬೇಕೆಂಬ ಆಸೆ ಎಷ್ಟಿತ್ತೆಂಬುದನ್ನು ಮೇಲೆ ತಮಗೆ ನಿವೇದಿಸಿಕೊಂಡಿದ್ದೇನೆ. ಫೋನು ಕೈಯಲ್ಲಿ ಹಿಡಿದು ಯೋಚಿಸುತ್ತಲೇ ಹಾಲಿನ ಕ್ಯಾನು ತರಲು ಡೇರಿಗೆ ಹೋದೆ. ಸಾಲಿನಲ್ಲಿ ಅತ್ತೆ ನಿಂತಿದ್ದರು, ನಾನು ಬಂದದ್ದನ್ನು ನೋಡಿರಲಿಲ್ಲ. ಪಕ್ಕದ ಮನೆಯ ಚಿಕ್ಕಬೋರಮ್ಮನವರು, ಸಕ್ಕರೆ ಕಾಯಿಲೆಯವಳು ಅಷ್ಟು ದೂರ ಓಡಿದಳಲ್ಲ, ಈಗ ಕಾಯಿಲೆ ಹೇಗಿದೆ ಎಂದು ವಿಚಾರಿಸುತ್ತಿದ್ದರು. ಅತ್ತೆ ಕ್ಯಾನನ್ನು ಕೆಳಗಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದರು:

“ಕಾಯ್ಲೆನೂ ಇಲ್ಲ, ಗೀಯ್ಲೆನೂ ಇಲ್ಲ. ನಾನ್ ಸುಮ್ಕೆ ಏಳಿದ್ದು. ನಮ್ ಸೊಸೆ ಓಡ್ತಾಳೆ ಕಣವ್ವ. ಓಡಿ ಪಸ್ಟು ಬಂದವ್ಳೆ. ಅವ್ರ್ ಮಿಸಿನ್ನಿಗೆ ಕಣ್ ಕಾಣಾಕಿಲ್ಲ, ಅದುಕ್ಕೆ ನಾವೇನ್ ಮಾಡಾದು.”

ನಾನು ಕ್ಯಾನು ತೆಗೆದುಕೊಳ್ಳದೆ ಹಾಗೆಯೇ ಹಿಂದಕ್ಕೆ ಬಂದೆ. ದಾರಿಯಲ್ಲೇ ಕಿಶನ್‌ರವರಿಗೆ ಫೋನು ಮಾಡಿ, ಸಹಿ ಹಾಕುವುದಿಲ್ಲವೆಂದೂ, ಶೂಗಳು ನನ್ನ ಒಪ್ಪಿಗೆಯಿಂದಲೇ ಹೋದವೆಂದೂ, ಅವನ್ನು ಸಾಗಿಸಿದವರು ನಮ್ಮ ಮನೆಯ ಒಳಗಿನ ವ್ಯಕ್ತಿಯೆಂದೂ, ನನ್ನನ್ನು ಅನರ್ಹಳಾಗಿಯೇ ಉಳಿಸಿಕೊಡಬೇಕೆಂದೂ ಕೇಳಿಕೊಂಡೆ. ಅನರ್ಹತೆಯನ್ನು ಬೇಡಿ ಪಡೆದವರು ಅವರ ಸಿಸ್ಟಮ್‌ನಲ್ಲಿ ಯಾರೂ ಇಲ್ಲವಂತೆ.

ಆದ್ದರಿಂದ ಚಾಪೆಯವರೇ, ದೂರು ಎಂದು ಶುರುವಾದ ಈ ಪತ್ರದಲ್ಲಿ ಈಗ ಕೆಲವು ಸಣ್ಣಪುಟ್ಟ ಕೋರಿಕೆಗಳಷ್ಟೇ ಉಳಿದಿವೆ. ಒಡೆದ ಹಿಮ್ಮಡಿಗಳನ್ನು ಗುರುತಿಸುವ ವಿದ್ಯೆಯನ್ನು ತಾವು ಆದಷ್ಟು ಬೇಗ ಕಲಿಯುವುದು. ನಮ್ಮ ಕಡೆಯ ಪಾದಗಳಲ್ಲಿ ಒಬ್ಬರ ಬಿರುಕು ಇನ್ನೊಬ್ಬರಿಗೆ ಇರುವುದಿಲ್ಲವಾದ್ದರಿಂದ ತಮಗೆ ಕಷ್ಟವಾಗದು. ನಾಲ್ಕು ತಾಲ್ಲೂಕುಗಳ ಸಮಸ್ತ ಗಂಡಸರನ್ನೂ ಸೋಲಿಸಿದ ನಮ್ಮ ಮಾವನವರ ಮೊಪೆಡ್ಡಿಗೆ ಹಿರಿಯರ ವಿಭಾಗದಲ್ಲಿ ಒಂದು ಪ್ರಮಾಣಪತ್ರ ದಯಪಾಲಿಸುವುದು. ಬಿಡುವಾದಾಗ ಒಂದು ದಿನ ತಮ್ಮ ವೈರುಗಳನ್ನೆಲ್ಲ ಹೊರಗೆ ಕಳಚಿಟ್ಟು ಬಂದು ನಮ್ಮ ಮಾರಮ್ಮನ ಗುಡಿಯ ಮುಂದೆ ಸ್ವಲ್ಪ ಹೊತ್ತು ಮಲಗಿ, ಬರಿಗಾಲಲ್ಲಿ ಹೋಗುವವರು ಎಷ್ಟು ಜನರೆಂದು ಲೆಕ್ಕ ಇಟ್ಟುಕೊಳ್ಳುವುದು. ಮತ್ತು ಗೋದಾಮಿನಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಕಂಪ್ಯೂಟರಿಗೆ ಕೇಳಿಸದಷ್ಟು ಮೆಲ್ಲಗೆ, ನನಗೆಂದು ಒಂದೇ ಒಂದು ಸಲ ಕುಂಯ್ ಎನ್ನುವುದು. ನನಗೆ ಕೇಳಿಸದಿದ್ದರೂ ಚಿಂತೆಯಿಲ್ಲ.

‘ಸುಧ – ಅನರ್ಹ’ ಎಂದಿರುವ ಪಟ್ಟಿಯನ್ನು ನಾನೇ ಬಳಗಕ್ಕೆ ಮತ್ತೊಮ್ಮೆ ಹಾಕಿ, ಫೋನು ಕೆಳಗಿಟ್ಟು, ಕಾಜ ಹೊಲಿಯುತ್ತ ಕುಳಿತೆ. ಏನೂ ಆಗಿಲ್ಲವೆಂಬಂತೆ ಇರಲು ಮಾತ್ರ ಆಗಲಿಲ್ಲ, ನಗು ಬರುತ್ತಲೇ ಇತ್ತು. ನಿನ್ನೆ ಚಿಕ್ಕಬೋರಮ್ಮನವರ ಮನೆಯಲ್ಲಿ ಮೊಮ್ಮಗಳ ನಾಮಕರಣದ ಊಟವಿತ್ತು. ಒಬ್ಬಟ್ಟಿನ ತಟ್ಟೆ ಹಿಡಿದು ಬಂದವರು ಅಭ್ಯಾಸಬಲದಿಂದ ನನ್ನ ಎಲೆಯನ್ನು ದಾಟಿ ಮುಂ​ದಕ್ಕೆ ಹೋದರು. ಪಕ್ಕದಲ್ಲಿ ಕುಳಿತಿದ್ದ ಅತ್ತೆ ಅವರ ಸೆರಗು ಹಿಡಿದು ಹಿಂದಕ್ಕೆ ಕರೆದು, ನನ್ನ ಎಲೆಗೆ ಎರಡು ಒಬ್ಬಟ್ಟು ಹಾಕಿಸಿ, ಮೇಲೆ ತುಪ್ಪವನ್ನು ತಾವೇ ಬಡಿಸಿದರು.

ತಮ್ಮ ಬೆನ್ನಿನ ಮೇಲೆ ಬರಿಗಾಲಲ್ಲಿ ಕುಣಿದ,
ತಮ್ಮ ವಿಶ್ವಾಸಿ,
ಸುಧ, ಅನರ್ಹ
ಬೂಕನಕೆರೆ

ಮರೆತ ಮಾತು: ತಮ್ಮ ಸ್ವಯಂಸೇವಕರು ಹಾಕಿದ ಪದಕವನ್ನು ಅತ್ತೆಯವರು ನಮ್ಮ ಹಸುವಿನ ಕೊರಳಿಗೆ ಕಟ್ಟಿದ್ದಾರೆ, ದೃಷ್ಟಿ ತಾಗದಿರಲೆಂದು. ಮುಂದಿನ ವರ್ಷದ ಓಟಕ್ಕೆ ಅವರೂ ಹೆಸರು ಕೊಟ್ಟಿದ್ದು, ಮೂರು ದಿನದಿಂದ ಬೆಳಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಜೊತೆ ನಾಲೆಯ ಏರಿಗೆ ಬರುತ್ತಿದ್ದಾರೆ. ಯಾರಾದರೂ ಕೇಳಿದರೆ ಡಾಕ್ಟ್ರು ಹೇಳಿದ್ದಾರೆನ್ನುವುದಿಲ್ಲ. ಚಿಪ್ಪನ್ನು ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡು ಬರುವರಂತೆ. ಬರುವುದು ಬರಿಗಾಲಲ್ಲಿಯೇ ಆದ್ದರಿಂದ, ತಾವು ಆ ದಿನ ದಯವಿಟ್ಟು ಬೆನ್ನು ತೊಳೆಸಿಕೊಂಡು ಬಂದು ಮಲಗಬೇಕಾಗಿ ತಿಳಿಸಲು ಹೇಳಿದ್ದಾರೆ.